ಬೇಡ ಎನ್ನುವ ಹಕ್ಕು: ಹಳೆ ಬಟ್ಟೆಯಂಗಡಿಯ ಚರಿತ್ರೆ

2004ರ ಡಿಸೆಂಬರ್ 26ರಂದು ಸುನಾಮಿ ಅಲೆಗಳು ತಮಿಳುನಾಡಿನ ಕರಾವಳಿಯನ್ನು ಬಡಿದು ಹೋದ ಮೇಲೆ ದೇಶದ ಮೂಲೆಮೂಲೆಗಳಿಂದ ಅಲ್ಲಿಗೆ ಲಾರಿಗಟ್ಟಲೆ ಬಟ್ಟೆ ಹರಿದು ಬಂತು. ಜನ ಮರುಗಿ ಕೊಟ್ಟಿದ್ದರು, ಅದರಲ್ಲಿ ಸಂಶಯವಿಲ್ಲ. ಆದರೆ ಕೆಲವೇ ದಿನಗಳಲ್ಲಿ ನಾಗಪಟ್ಟಣದ ಸುತ್ತಮುತ್ತಲ ರಸ್ತೆಬದಿಗಳಲ್ಲಿ ಆ ಬಟ್ಟೆಗಳು ರಾಶಿ ರಾಶಿಯಾಗಿ ಬಿದ್ದಿದ್ದವು. ಮನೆ, ದೋಣಿ, ಬಲೆ, ಕೊನೆಗೆ ಹೆತ್ತ ಮಕ್ಕಳನ್ನೂ ಕಳಕೊಂಡಿದ್ದ ಮೀನುಗಾರರಲ್ಲಿ ಹೆಚ್ಚಿನವರು ಅವುಗಳನ್ನು ಮುಟ್ಟಲಿಲ್ಲ.

ಉಡಲು ಬಟ್ಟೆಯಿಲ್ಲದವರಿಗೆ ಇಷ್ಟು ಬಿಗುಮಾನವೇ ಎಂದು ಕೇಳಿದವರಿದ್ದರು. ಹಾಗೆ ಕೇಳಿದವರು ಒಂದು ಸಂಗತಿಯನ್ನು ಮರೆತಿದ್ದರು. ಆ ಮೀನುಗಾರರು ಹಿಂದಿನ ದಿನದವರೆಗೆ ಯಾರ ಮುಂದೆಯೂ ಕೈಚಾಚಿದವರಲ್ಲ. ಕಡಲಿಗಿಳಿದು ದುಡಿದು ಅಂಗಡಿಗೆ ಹೋಗಿ, ಈ ಸೀರೆ ಬೇಡ, ಆ ಸೀರೆ ತೋರಿಸಿ ಎಂದು ಹೇಳಿ ಬಟ್ಟೆ ಕೊಂಡವರು. ಅಲೆ ಅವರ ಮನೆಯನ್ನು ಕೊಚ್ಚಿಕೊಂಡು ಹೋಯಿತು. ನಾವು ಲಾರಿಯಿಂದ ಬಟ್ಟೆ ಎಸೆದು, ಬೇಡ ಎನ್ನುವ ಅವರ ಹಕ್ಕನ್ನು ಕೊಚ್ಚಿಕೊಂಡು ಹೋದೆವು.

ಒಬ್ಬರು ಉಟ್ಟು ಬಿಟ್ಟ ಬಟ್ಟೆಯನ್ನು ಇನ್ನೊಬ್ಬರಿಗೆ ಅವಮಾನವಾಗದಂತೆ ತಲುಪಿಸುವುದು ಹೇಗೆ? ಈ ಪ್ರಶ್ನೆ ಹೊಸದಲ್ಲ. ಪಶ್ಚಿಮದ ದೇಶಗಳು ಇದಕ್ಕೆ ಕಂಡುಕೊಂಡ ಒಂದು ಉತ್ತರವೇ ದಾನದ ವಸ್ತುಗಳನ್ನು ಮಾರುವ ಅಂಗಡಿ. ಬ್ರಿಟನ್ನಿನಲ್ಲಿ ಅದನ್ನು ಚಾರಿಟಿ ಶಾಪ್ ಎಂದೂ ಅಮೆರಿಕದಲ್ಲಿ ಥ್ರಿಫ್ಟ್ ಸ್ಟೋರ್ ಎಂದೂ ಕರೆಯುತ್ತಾರೆ. ಜನ ತಮಗೆ ಬೇಡವಾದ ಕೋಟು, ಪುಸ್ತಕ, ಪಿಂಗಾಣಿ, ಕುರ್ಚಿಗಳನ್ನು ತಂದುಕೊಡುತ್ತಾರೆ. ಅಂಗಡಿಯವರು ಅವಕ್ಕೆ ಅಗ್ಗದ ಬೆಲೆ ಹಚ್ಚಿ ಮಾರುತ್ತಾರೆ. ಬಂದ ಲಾಭ ಧರ್ಮಕಾರ್ಯಕ್ಕೆ ಹೋಗುತ್ತದೆ. ದಾನವಾಗಿ ಬಂದದ್ದನ್ನು ಮಾರುವುದೇ ಎಂದು ನಮ್ಮಲ್ಲಿ ಹುಬ್ಬೇರಿಸುವವರು ಇರಬಹುದು. ಆ ಬೆಲೆಚೀಟಿಯ ಹಿಂದಿರುವ ಕಥೆಯನ್ನು ಬಲ್ಲವರು ಹಾಗೆ ಹುಬ್ಬೇರಿಸಲಾರರು.

ಚಿಂದಿ ವ್ಯಾಪಾರಿಗಳ ಲಂಡನ್

ಧರ್ಮಸಂಸ್ಥೆಗಳು ಈ ಕ್ಷೇತ್ರಕ್ಕೆ ಕಾಲಿಡುವುದಕ್ಕಿಂತ ಬಹಳ ಮೊದಲೇ ಬಡವರಿಗೆ ಬಟ್ಟೆ ತೊಡಿಸುತ್ತಿದ್ದವರು ಹಳೆ ಬಟ್ಟೆಯ ವ್ಯಾಪಾರಿಗಳು. ಹೊಸ ಬಟ್ಟೆ ದುಬಾರಿಯಾಗಿದ್ದ ಕಾಲದಲ್ಲಿ ಯುರೋಪಿನ ನಗರಗಳ ಕೂಲಿಕಾರರು ಹೆಚ್ಚಾಗಿ ಉಡುತ್ತಿದ್ದುದು ಇನ್ನೊಬ್ಬರ ಮೈಮೇಲೆ ಸವೆದ ಬಟ್ಟೆಯನ್ನೇ. ಲಂಡನ್ನಿನ ಪೆಟಿಕೋಟ್ ಲೇನ್ ಮತ್ತು ರೋಸ್‌ಮೇರಿ ಲೇನ್ ಈ ವ್ಯಾಪಾರಕ್ಕೆ ಹೆಸರಾದ ಬೀದಿಗಳು. 1843ರಲ್ಲಿ ಹೌಂಡ್ಸ್‌ಡಿಚ್ ಪ್ರದೇಶದಲ್ಲಿ ಹಳೆ ಬಟ್ಟೆಗೆಂದೇ ಒಂದು ದೊಡ್ಡ ವಿನಿಮಯ ಮಾರುಕಟ್ಟೆ ಎದ್ದುನಿಂತಿತು. ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ 19ನೇ ಶತಮಾನದ ನಡುವಿನಲ್ಲಿ ಲಂಡನ್ನಿನ ಬಡವರ ಬದುಕನ್ನು ಬೀದಿ ಬೀದಿ ಸುತ್ತಿ ದಾಖಲಿಸಿದಾಗ, ಚೀಲ ಹೊತ್ತು ಕೂಗುತ್ತಾ ಹಳೆ ಬಟ್ಟೆ ಕೊಳ್ಳುವವರಿಗಾಗಿ ಪುಟಗಟ್ಟಲೆ ಬರೆದ.

ಆ ವ್ಯಾಪಾರಿಗಳಲ್ಲಿ ಬಹುಪಾಲು ಯಹೂದಿಗಳು. ಅದು ಅವರ ರಕ್ತದಲ್ಲಿ ಬಂದ ಕಸುಬೇನೂ ಆಗಿರಲಿಲ್ಲ. 1830ರವರೆಗೆ ಲಂಡನ್ ಸಿಟಿಯ ಎಲ್ಲೆಯೊಳಗೆ ಚಿಲ್ಲರೆ ಅಂಗಡಿ ತೆರೆಯಲು ಬೇಕಾದ ನಗರ ಸದಸ್ಯತ್ವ ಯಹೂದಿಗಳಿಗೆ ಸಿಗುತ್ತಿರಲಿಲ್ಲ. ಬಾಗಿಲುಗಳೆಲ್ಲ ಮುಚ್ಚಿದ್ದಾಗ ತೆರೆದಿದ್ದ ಒಂದು ಕಿಂಡಿ ಬೀದಿ ವ್ಯಾಪಾರ. ಬೇರೆಯವರು ಮುಟ್ಟಲು ಹೇಸುವ ವಸ್ತುವನ್ನು ಅವರು ಮುಟ್ಟಿದರು, ಒಗೆದು ಹೊಲಿದು ಮಾರಿದರು. ಪ್ರತಿಯಾಗಿ ಸಿಕ್ಕಿದ್ದು ತಿರಸ್ಕಾರ. ಹಳೆ ಬಟ್ಟೆಯಿಂದ ರೋಗ ಹರಡುತ್ತದೆ, ಅದು ಕದ್ದ ಮಾಲು, ಮಾರುವವನು ಮೋಸಗಾರ ಎಂಬ ಮಾತುಗಳು ಇಂಗ್ಲೆಂಡಿನಲ್ಲೂ, ಮುಂದೆ ಅದೇ ಕಸುಬನ್ನು ಹೊತ್ತುಕೊಂಡು ವಲಸೆ ಹೋದ ಅಮೆರಿಕದಲ್ಲೂ ಅವರ ಬೆನ್ನು ಬಿಡಲಿಲ್ಲ.

ನಮ್ಮ ಅನೇಕ ಊರುಗಳ ಗುಜರಿ ಅಂಗಡಿಗಳನ್ನು ಬಲ್ಲವರಿಗೆ ಈ ಕಥೆ ಅಪರಿಚಿತವಾಗಿ ಕಾಣದು. ಊರಿನ ಕಸದಿಂದ ಬಳಕೆಯ ವಸ್ತುವನ್ನು ಹೆಕ್ಕಿ ತೆಗೆಯುವವನನ್ನು ಊರು ಮೊದಲು ನೋಡುವುದು ಅನುಮಾನದ ಕಣ್ಣಿನಿಂದಲೇ.

ಕಾಫಿ ಚೀಲ ಹೊತ್ತ ಪಾದ್ರಿ

ಹಳೆ ವಸ್ತುವಿಗೆ ಅಂಟಿದ್ದ ಈ ಕಳಂಕವನ್ನು ತೊಳೆಯಲು ಹೊರಟವರು ಕ್ರೈಸ್ತ ಸೇವಾಸಂಸ್ಥೆಗಳು. ಲಂಡನ್ನಿನ ಪೂರ್ವಭಾಗದ ಕೊಳೆಗೇರಿಗಳಲ್ಲಿ 1865ರಲ್ಲಿ ಕೆಲಸ ಆರಂಭಿಸಿದ ವಿಲಿಯಂ ಬೂತ್ ಅವರ ಸಂಘಟನೆ 1878ರಲ್ಲಿ ಸಾಲ್ವೇಶನ್ ಆರ್ಮಿ ಎಂಬ ಹೆಸರು ಪಡೆಯಿತು. 1890ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಬೂತ್ ಒಂದು ಯೋಜನೆಯನ್ನು ಮುಂದಿಟ್ಟರು. ನಿರುದ್ಯೋಗಿಗಳ ಪಡೆಗಳನ್ನು ಕಟ್ಟಿ ಉಳ್ಳವರ ಮನೆಗಳಿಂದ ಬೇಡವಾದ ವಸ್ತುಗಳನ್ನು ಸಂಗ್ರಹಿಸುವುದು, ದುರಸ್ತಿ ಮಾಡುವುದು, ಮಾರುವುದು. ವಸ್ತುವೂ ವ್ಯರ್ಥವಾಗದು, ಮನುಷ್ಯನೂ ವ್ಯರ್ಥನಾಗನು ಎಂಬುದು ಅದರ ಹಿಂದಿನ ಲೆಕ್ಕಾಚಾರ. 1890ರ ದಶಕ ಮುಗಿಯುವ ಹೊತ್ತಿಗೆ ಅಮೆರಿಕದ ನಗರಗಳಲ್ಲಿ ಆ ಸಂಘಟನೆಯ ತಳ್ಳುಗಾಡಿಗಳು ಓಡಾಡತೊಡಗಿದ್ದವು.

1902ರಲ್ಲಿ ಬೋಸ್ಟನ್ ನಗರದ ಮೆಥಡಿಸ್ಟ್ ಪಾದ್ರಿ ಎಡ್ಗರ್ ಹೆಲ್ಮ್ಸ್ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರ ಚರ್ಚು ಇದ್ದದ್ದು ವಲಸೆಗಾರರು ಕಿಕ್ಕಿರಿದು ತುಂಬಿದ್ದ ಬಡ ಕೇರಿಯಲ್ಲಿ. ಹೆಲ್ಮ್ಸ್ ಕಾಫಿ ಬೀಜ ತುಂಬುವ ಗೋಣಿಚೀಲ ಹೊತ್ತು ಸಿರಿವಂತರ ಬಡಾವಣೆಯ ಮನೆಬಾಗಿಲುಗಳನ್ನು ತಟ್ಟಿದರು. ಹರಿದ ಕೋಟು, ಮುರಿದ ಕುರ್ಚಿ, ಸವೆದ ಬೂಟು, ಏನು ಕೊಟ್ಟರೂ ತಂದರು. ತಂದದ್ದನ್ನು ಸುಮ್ಮನೆ ಹಂಚಲಿಲ್ಲ. ಕೇರಿಯ ನಿರುದ್ಯೋಗಿಗಳಿಗೆ ಕೂಲಿ ಕೊಟ್ಟು ಹೊಲಿಸಿದರು, ಕೀಲು ಕೂಡಿಸಿದರು, ಆಮೇಲೆ ಸಣ್ಣ ಬೆಲೆಯಿಟ್ಟು ಅದೇ ಕೇರಿಯವರಿಗೆ ಮಾರಿದರು. ಮಾರಿದ ಹಣ ಹೊಲಿದವರ ಕೂಲಿಗೆ ಹೋಯಿತು. ಗುಡ್‌ವಿಲ್ ಎಂಬ ಹೆಸರಿನಲ್ಲಿ ಇಂದು ಅಮೆರಿಕದುದ್ದಕ್ಕೂ ಇರುವ ಅಂಗಡಿಗಳ ಮೂಲ ಇದು.

ಇಲ್ಲಿ ಬೆಲೆ ಮಾಡಿದ ಕೆಲಸವನ್ನು ಗಮನಿಸಬೇಕು. ಪುಕ್ಕಟೆ ಹಂಚುವಾಗ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ಪಡೆಯುವವನು ಕೊಟ್ಟದ್ದನ್ನು ತೆಗೆದುಕೊಳ್ಳಬೇಕು, ಮೇಲಿಂದ ಕೃತಜ್ಞನಾಗಿಯೂ ಇರಬೇಕು. ಐದಾರು ಸೆಂಟು ಬೆಲೆ ಹಚ್ಚಿದ ಕೂಡಲೇ ಅವನು ಗಿರಾಕಿಯಾಗುತ್ತಾನೆ. ತಿರುಗಿಸಿ ನೋಡಬಹುದು, ತೋಳು ಉದ್ದವಾಯಿತೆಂದು ದೂರಬಹುದು, ಬೇಡವೆಂದು ಹೊರಟೂ ಹೋಗಬಹುದು. ಹೊಲಿದವಳೂ ಭಿಕ್ಷುಕಿಯಲ್ಲ, ಕೂಲಿ ಪಡೆದ ಕೆಲಸಗಾರ್ತಿ.

ಆದರೆ ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಚರಿತ್ರೆ ಅರ್ಧವಾಗುತ್ತದೆ. ಯಹೂದಿ ವ್ಯಾಪಾರಿಯ ಗಾಡಿಯಲ್ಲಿದ್ದಾಗ ರೋಗದ ಮೂಲವಾಗಿ ಕಂಡ ಕೋಟು ಚರ್ಚಿನ ಅಂಗಡಿಯ ಗೂಟಕ್ಕೆ ತೂಗಿದಾಗ ಸೇವೆಯ ಸಂಕೇತವಾಯಿತು. ಕೋಟು ಅದೇ, ಮಾಡಿದ ದುರಸ್ತಿಯೂ ಅದೇ. ಬದಲಾದದ್ದು ಕೈ ಮಾತ್ರ. ನೂರಾರು ವರ್ಷ ಬಡವರಿಗೆ ಅಗ್ಗದ ಬಟ್ಟೆ ಒದಗಿಸಿದ ಬೀದಿ ವ್ಯಾಪಾರಿಗೆ ಆ ಮನ್ನಣೆ ಎಂದೂ ಸಿಗಲಿಲ್ಲ.

ಬ್ರಾಡ್ ಸ್ಟ್ರೀಟಿನ 17ನೇ ನಂಬರು

ಎರಡನೇ ಮಹಾಯುದ್ಧ ಈ ಅಂಗಡಿಗಳ ಸ್ವರೂಪವನ್ನು ಬದಲಿಸಿತು. 1941ರ ಜೂನ್ 1ರಿಂದ ಬ್ರಿಟನ್ನಿನಲ್ಲಿ ಬಟ್ಟೆಗೆ ರೇಷನ್ ಬಂತು. ಕೂಪನ್ ಇಲ್ಲದೆ ಹೊಸ ಬಟ್ಟೆ ಕೊಳ್ಳುವಂತಿರಲಿಲ್ಲ. ಈ ವ್ಯವಸ್ಥೆ ಮುಗಿದದ್ದು ಯುದ್ಧ ನಿಂತು ಸುಮಾರು ನಾಲ್ಕು ವರ್ಷವಾದ ಮೇಲೆ, 1949ರ ಮಾರ್ಚ್‌ನಲ್ಲಿ. ಅದೇ 1941ರಲ್ಲಿ ರೆಡ್‌ಕ್ರಾಸ್ ಸಂಸ್ಥೆ ಲಂಡನ್ನಿನ ಸಿರಿವಂತರ ಬೀದಿಯಾದ ಓಲ್ಡ್ ಬಾಂಡ್ ಸ್ಟ್ರೀಟಿನಲ್ಲಿ ದಾನದ ವಸ್ತುಗಳ ಅಂಗಡಿ ತೆರೆಯಿತು. ಯುದ್ಧ ಮುಗಿಯುವಷ್ಟರಲ್ಲಿ ದೇಶದಲ್ಲಿ ಅಂಥ 200ಕ್ಕೂ ಹೆಚ್ಚು ಕಾಯಂ ಅಂಗಡಿಗಳು ನಡೆದಿದ್ದವು. ಮಾರುವ ಪ್ರತಿಯೊಂದು ವಸ್ತುವೂ ದಾನವಾಗಿ ಬಂದದ್ದೇ ಆಗಿರಬೇಕು, ಕೊಂಡು ತಂದು ಮಾರಕೂಡದು, ಬಂದ ಹಣವೆಲ್ಲ ಪರಿಹಾರ ನಿಧಿಗೆ ಸೇರಬೇಕು ಎಂಬುದು ಸರಕಾರ ಪರವಾನಗಿಗೆ ಹಾಕಿದ ಷರತ್ತು. ಬಡವರ ಅಂಗಡಿ ಎಂಬ ಹಣೆಪಟ್ಟಿ ಇಲ್ಲಿ ಕಳಚಿತು. ಕೊಡುವುದು ದೇಶಸೇವೆಯಾದಂತೆ ಕೊಳ್ಳುವುದೂ ದೇಶಸೇವೆಯಾಯಿತು.

ಇದೇ ಹೊತ್ತಿಗೆ ಜರ್ಮನ್ ಸೇನೆಯ ಹಿಡಿತದಲ್ಲಿದ್ದ ಗ್ರೀಸ್ ದೇಶದಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ಮಿತ್ರರಾಷ್ಟ್ರಗಳ ಹಡಗು ದಿಗ್ಬಂಧನ ಅಲ್ಲಿಗೆ ಆಹಾರ ಹೋಗಲು ಅಡ್ಡಿಯಾಗಿತ್ತು. ಶತ್ರುವಿನ ನೆಲದಲ್ಲಿದ್ದರೂ ಮಕ್ಕಳು ಮಕ್ಕಳೇ ಎಂದು ವಾದಿಸಿದ ಕೆಲವರು 1942ರ ಅಕ್ಟೋಬರ್ 5ರಂದು ಆಕ್ಸ್‌ಫರ್ಡಿನ ಸೇಂಟ್ ಮೇರಿ ಚರ್ಚಿನಲ್ಲಿ ಸಭೆ ಸೇರಿದರು. ಆ ಚರ್ಚಿನ ಪಾದ್ರಿ ಮಿಲ್‌ಫರ್ಡ್, ಗ್ರೀಕ್ ವಿದ್ವಾಂಸ ಗಿಲ್ಬರ್ಟ್ ಮರೆ, ವ್ಯಾಪಾರಸ್ಥ ಸೆಸಿಲ್ ಜ್ಯಾಕ್ಸನ್-ಕೋಲ್ ಮೊದಲಾದವರು ಸೇರಿ ಕ್ಷಾಮ ಪರಿಹಾರಕ್ಕೆ ಒಂದು ಸಮಿತಿ ಕಟ್ಟಿದರು. ಮುಂದೆ ಆಕ್ಸ್‌ಫ್ಯಾಮ್ ಎಂದು ಪ್ರಸಿದ್ಧವಾದದ್ದು ಇದೇ ಸಮಿತಿ.

ಒಂದು ಕಹಿ ಸತ್ಯವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ಮರುವರ್ಷ, 1943ರಲ್ಲಿ, ಬ್ರಿಟಿಷರದೇ ಆಳ್ವಿಕೆಯಲ್ಲಿದ್ದ ಬಂಗಾಳದಲ್ಲಿ ಭೀಕರ ಕ್ಷಾಮ ಬಂತು. ಸತ್ತವರ ಸಂಖ್ಯೆ 30 ಲಕ್ಷದವರೆಗೂ ಇದ್ದೀತೆಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಆಕ್ಸ್‌ಫರ್ಡಿನ ಸಮಿತಿಯ ಕಣ್ಣು ಆಗಿನ್ನೂ ಯುರೋಪಿನ ಮೇಲಿತ್ತು. ಅದು ನಮ್ಮ ಕಡೆ ತಿರುಗಿದ್ದು 1951ರಲ್ಲಿ, ಬಿಹಾರದಲ್ಲಿ ಕ್ಷಾಮ ತಲೆದೋರಿದಾಗ.

ಆ ಸಮಿತಿಗೆ ಹಣದ ಜೊತೆಗೆ ಬಟ್ಟೆಬರೆಯೂ ಮೂಟೆಗಟ್ಟಲೆ ಬರುತ್ತಿತ್ತು. ಎಲ್ಲವನ್ನೂ ಹಡಗಿನಲ್ಲಿ ಕಳಿಸುವುದು ಸಾಧ್ಯವಿರಲಿಲ್ಲ, ಕಳಿಸಿ ಉಪಯೋಗವೂ ಇರಲಿಲ್ಲ. 1947ರ ಕೊನೆಯಲ್ಲಿ ಆಕ್ಸ್‌ಫರ್ಡಿನ ಬ್ರಾಡ್ ಸ್ಟ್ರೀಟಿನ 17ನೇ ನಂಬರಿನ ಕಟ್ಟಡವನ್ನು ಹಿಡಿದು, ಅಲ್ಲಿಯೇ ಕಚೇರಿಯನ್ನೂ ದಾನದ ವಸ್ತುಗಳ ಅಂಗಡಿಯನ್ನೂ ಆರಂಭಿಸಿದರು. 1949ರಲ್ಲಿ ಸೇನೆಯಿಂದ ಬಂದ ಜೋ ಮಿಟ್ಟಿ ಅವರನ್ನು ಸಂಬಳಕ್ಕೆ ನೇಮಿಸಿಕೊಂಡರು. ಮಿಟ್ಟಿ ಹುಟ್ಟಾ ವ್ಯಾಪಾರಿ. ಜನ ಏನು ಕೊಟ್ಟರೂ ಅದಕ್ಕೊಬ್ಬ ಗಿರಾಕಿ ಇದ್ದೇ ಇರುತ್ತಾನೆ ಎಂಬುದು ಅವರ ನಂಬಿಕೆ. ಒಮ್ಮೆ ಯಾರೋ ಕೊಟ್ಟ ಕತ್ತೆಯನ್ನೂ ಮಾರಿದ ಕಥೆ ಇಂದಿಗೂ ಪ್ರಸಿದ್ಧ. ಹಳೆ ಮಾಲಿನ ಗುಡ್ಡೆ ಹಾಕಿ ಕೂರುವ ಪದ್ಧತಿಯನ್ನು ಬಿಟ್ಟು, ಗಾಜಿನ ಕಿಟಕಿಯಲ್ಲಿ ಅಂದವಾಗಿ ಜೋಡಿಸಿಟ್ಟು ಮಾರುವುದನ್ನು ಇಂಥ ಅಂಗಡಿಗಳು ರೂಢಿಸಿಕೊಂಡವು. 2007ರಲ್ಲಿ ಮಿಟ್ಟಿ ತೀರಿಕೊಂಡಾಗ ಅವರು ಬೆಳೆಸಿದ ಮಾದರಿ ಬ್ರಿಟನ್ನಿನ ಪೇಟೆಬೀದಿಗಳಲ್ಲೆಲ್ಲ ನೆಲೆಯೂರಿತ್ತು.

ಬೋಸ್ಟನ್ನಿನಿಂದ ಆಕ್ಸ್‌ಫರ್ಡಿಗೆ ಬರುವಷ್ಟರಲ್ಲಿ ಒಂದು ಮುಖ್ಯ ಬದಲಾವಣೆ ಆಗಿಹೋಗಿತ್ತು. ಹೆಲ್ಮ್ಸ್ ಅವರ ಅಂಗಡಿಯಲ್ಲಿ ಕೊಳ್ಳುವವನೇ ಬಡವ, ಅಗ್ಗದ ಬಟ್ಟೆಯೇ ಅವನಿಗೆ ಸಿಕ್ಕ ನೆರವು. ಬ್ರಾಡ್ ಸ್ಟ್ರೀಟಿನ ಅಂಗಡಿಯಲ್ಲಿ ಬಡವ ಸಾವಿರಾರು ಮೈಲಿ ದೂರದಲ್ಲಿದ್ದಾನೆ. ಕೊಳ್ಳುವವನು ವಿದ್ಯಾರ್ಥಿ, ಅಧ್ಯಾಪಕ, ಗೃಹಿಣಿ ಯಾರೂ ಆಗಬಹುದು. ಅವನು ಕೊಟ್ಟ ಹಣ ದೂರದ ಊರಿನ ಬಾವಿಗೋ ಗಂಜಿಗೋ ಹೋಗುತ್ತದೆ. ಅಂಗಡಿಗೆ ಆಗ ಬೇಕಾದದ್ದು ಹೆಚ್ಚಿನ ಬೆಲೆ, ಕಡಿಮೆ ಬೆಲೆಯಲ್ಲ. ಈ ಎರಡು ಉದ್ದೇಶಗಳ ತಿಕ್ಕಾಟ ಇಂದಿನವರೆಗೂ ಬಗೆಹರಿದಿಲ್ಲ.

ಅಂಗಡಿಯ ಒಳಗೆ

ಬ್ರಿಟನ್ನಿನಲ್ಲಿ ಈಗ ಸುಮಾರು 10 ಸಾವಿರ ಚಾರಿಟಿ ಅಂಗಡಿಗಳಿವೆ. ಹೃದ್ರೋಗ ಸಂಶೋಧನೆಗೆ, ಕ್ಯಾನ್ಸರ್ ರೋಗಿಗಳ ಆರೈಕೆಗೆ, ಮಕ್ಕಳ ಕಲ್ಯಾಣಕ್ಕೆ, ಮೂಕಪ್ರಾಣಿಗಳ ರಕ್ಷಣೆಗೆ ಎಂದು ಒಂದೊಂದು ಉದ್ದೇಶಕ್ಕೆ ಒಂದೊಂದು ಸಂಸ್ಥೆಯ ಅಂಗಡಿ. 1984ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಆರಂಭವಾದ ಇಸ್ಲಾಮಿಕ್ ರಿಲೀಫ್‌ನಂಥ ಮುಸ್ಲಿಮ್ ಸಂಸ್ಥೆಯೂ ಈ ದಾರಿ ಹಿಡಿದಿದೆ. ಮುಖ್ಯವಾಗಿ ದಾನದ ವಸ್ತುಗಳನ್ನೇ ಮಾರುವ ಅಂಗಡಿಗೆ ಸ್ಥಳೀಯ ಕಟ್ಟಡ ತೆರಿಗೆಯಲ್ಲಿ ಶೇ. 80ರಷ್ಟು ವಿನಾಯಿತಿ ಇದೆ. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ನಿವೃತ್ತರು, ಒಂಟಿ ವೃದ್ಧೆಯರು, ಕೆಲಸ ಕಲಿಯಲು ಬಂದ ಯುವಕರು ಅವರಲ್ಲಿರುತ್ತಾರೆ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲದವರಿಗೆ ಆ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯೇ ಒಂದು ಆಸರೆ.

ಇಂಥ ಅಂಗಡಿಯೊಳಗೆ ಕಾಲಿಟ್ಟರೆ ಮೊದಲು ಮೂಗಿಗೆ ತಟ್ಟುವುದು ಪೆಟ್ಟಿಗೆಯಲ್ಲಿ ಬಹಳ ದಿನ ಮಡಿಸಿಟ್ಟ ಬಟ್ಟೆಯ ವಾಸನೆ. ಒಂದು ಸಾಲಿನಲ್ಲಿ ಕೋಟುಗಳು, ಇನ್ನೊಂದರಲ್ಲಿ ಮಕ್ಕಳ ಅಂಗಿ, ಮೂಲೆಯ ಕಪಾಟಿನಲ್ಲಿ ಜೊತೆ ತಪ್ಪಿದ ಕಪ್ಪು ಬಸಿಗಳು, ಯಾರೋ ಯಾರಿಗೋ ಪ್ರೀತಿಯಿಂದ ಎಂದು ಬರೆದುಕೊಟ್ಟ ಪುಸ್ತಕಗಳು. ಹೊಸ ಬಟ್ಟೆಯ ಅಂಗಡಿಯಲ್ಲಿ ಒಂದೇ ಅಂಗಿ ಹತ್ತು ಅಳತೆಯಲ್ಲಿ ಸಿಗುತ್ತದೆ. ಇಲ್ಲಿ ಪ್ರತಿಯೊಂದೂ ಒಂದೇ ಒಂದು. ಅಳತೆ ಸರಿಹೋದರೆ ಅದೃಷ್ಟ, ಇಲ್ಲವಾದರೆ ಮುಂದಿನ ವಾರ ಮತ್ತೆ ಬರಬೇಕು. ತೋಳಿನ ಅಂಚು ಸವೆದಿದೆಯೇ, ಗುಂಡಿಗಳೆಲ್ಲ ಇವೆಯೇ, ಜಿಪ್ಪು ಏರಿ ಇಳಿಯುತ್ತದೆಯೇ ಎಂದು ನೋಡುವ ಕಣ್ಣು ಬೇಕು. ಹಳೆಯ ಗಿರಾಕಿಗಳಿಗೆ ಯಾವ ದಿನ ಹೊಸ ಮೂಟೆ ಬಿಚ್ಚುತ್ತಾರೆಂಬುದೂ ಗೊತ್ತು.

ಓದಲೆಂದು, ದುಡಿಯಲೆಂದು ಆ ದೇಶಗಳಿಗೆ ಹೋದ ನಮ್ಮ ಹುಡುಗ ಹುಡುಗಿಯರಲ್ಲಿ ಅನೇಕರು ಮೊದಲ ಚಳಿಗಾಲದ ಕೋಟನ್ನು ಕೊಂಡದ್ದು ಇಂಥ ಅಂಗಡಿಗಳಲ್ಲೇ. ಊರಿಗೆ ಫೋನು ಮಾಡಿದಾಗ ಕೋಟು ಕೊಂಡೆನೆಂದು ಅಮ್ಮನಿಗೆ ಹೇಳಿದರೂ ಯಾರೋ ತೊಟ್ಟು ಬಿಟ್ಟದ್ದೆಂದು ಹೇಳಲು ನಾಲಗೆ ತಡವರಿಸುತ್ತದೆ. ಆ ತಡವರಿಕೆಗೆ ನಮ್ಮ ನೆಲದಲ್ಲಿ ಬೇರುಗಳಿವೆ. ಅವುಗಳ ಮಾತಿಗೆ ಆಮೇಲೆ ಬರೋಣ.

ಈ ಅಂಗಡಿಗಳ ಇತ್ತೀಚಿನ ವರ್ಷಗಳ ಕಥೆ ಇನ್ನೊಂದು ತಿರುವು ಪಡೆದಿದೆ. ಹಳೆ ಬಟ್ಟೆ ತೊಡುವುದು ಯುವಜನರಿಗೆ ಹೆಮ್ಮೆಯ ಮಾತಾಗಿದೆ. ಭೂಮಿಯ ಮೇಲಿನ ಹೊರೆ ತಗ್ಗಿಸುವ ಕಾಳಜಿಯೂ ಅದರಲ್ಲಿದೆ, ಹಳೆಯ ಕಾಲದ ಸೊಗಸಿನ ಮೋಹವೂ ಇದೆ. ಒಳ್ಳೆಯದೇ. ಆದರೆ ಒಳ್ಳೆಯ ಮಾಲನ್ನು ಹೆಕ್ಕಿ ಇಂಟರ್‌ನೆಟ್ಟಿನಲ್ಲಿ ಹೆಚ್ಚಿನ ಬೆಲೆಗೆ ಮರುಮಾರಾಟ ಮಾಡುವವರೂ ಹುಟ್ಟಿಕೊಂಡರು. ಅಂಗಡಿಗಳೂ ಬೆಲೆ ಏರಿಸುತ್ತಿವೆ ಎಂಬ ದೂರು ಎರಡೂ ದೇಶಗಳಲ್ಲಿ ಕೇಳಿಬರುತ್ತಿದೆ. ಮಗುವಿನ ಶಾಲೆಗೆ ಬೂಟು ಹುಡುಕುವ ತಾಯಿ ಅದೇ ಅಂಗಡಿಯ ಬೆಲೆಚೀಟಿ ನೋಡಿ ಹಿಂದೆ ಸರಿಯುವಂತಾದರೆ, ಯಾವ ಬೆಲೆ ಒಂದು ಕಾಲಕ್ಕೆ ಅವಳಿಗೆ ಮರ್ಯಾದೆ ಕೊಟ್ಟಿತೋ ಅದೇ ಬೆಲೆ ಅವಳನ್ನು ಹೊರಗೆ ನಿಲ್ಲಿಸಿದಂತಾಯಿತು.

ಉಳಿದದ್ದು ಎಲ್ಲಿಗೆ?

ಬಂದ ಬಟ್ಟೆಯೆಲ್ಲ ಅಂಗಡಿಯಲ್ಲಿ ಮಾರಿಹೋಗುವುದಿಲ್ಲ. ಉಳಿದದ್ದನ್ನು ವಿಂಗಡಿಸಲು ಆಕ್ಸ್‌ಫ್ಯಾಮ್ 1974ರಲ್ಲೇ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ ಒಂದು ಕೇಂದ್ರ ತೆರೆಯಿತು. ಇಂದು ಶ್ರೀಮಂತ ದೇಶಗಳ ಉಳಿಕೆ ಬಟ್ಟೆಯ ದೊಡ್ಡ ಭಾಗ ಬೇಲುಗಳಾಗಿ ಆಫ್ರಿಕ, ಏಷ್ಯಾಗಳಿಗೆ ವ್ಯಾಪಾರದ ಸರಕಾಗಿ ಹೋಗುತ್ತದೆ. ಕೀನ್ಯದಲ್ಲಿ ಅದಕ್ಕೆ ಮಿತುಂಬ ಎನ್ನುತ್ತಾರೆ, ಸ್ವಾಹಿಲಿಯಲ್ಲಿ ಮೂಟೆಗಳು ಎಂದರ್ಥ. ಝಾಂಬಿಯದಲ್ಲಿ ಸಲೌಲ, ರಾಶಿಯಲ್ಲಿ ಕೆದಕಿ ಹೆಕ್ಕುವುದು. ಘಾನಾದಲ್ಲಿ ಒಬ್ರೋನಿ ವಾವು, ಸತ್ತ ಬಿಳಿಯನ ಬಟ್ಟೆ. ಇಷ್ಟು ಒಳ್ಳೆಯ ಬಟ್ಟೆಯನ್ನು ಬದುಕಿರುವವನು ಬಿಟ್ಟುಕೊಡಲಾರ, ಸತ್ತೇ ಇರಬೇಕು ಎಂದು ಮೊದಮೊದಲು ನೋಡಿದವರು ಎಣಿಸಿರಬೇಕು.

ಘಾನಾದ ರಾಜಧಾನಿ ಅಕ್ರಾದ ಕಾಂತಮಾಂತೊ ಮಾರುಕಟ್ಟೆಗೆ ವಾರಕ್ಕೆ ಸುಮಾರು ಒಂದೂವರೆ ಕೋಟಿ ಉಡುಪುಗಳು ಬರುತ್ತವೆಂಬ ಅಂದಾಜಿದೆ. ಸಾವಿರಾರು ಜನ ಅದರಿಂದ ಅನ್ನ ಕಾಣುತ್ತಾರೆ. ಬೇಲು ಬಿಚ್ಚುವವರೆಗೆ ಒಳಗೇನಿದೆಯೆಂದು ಕೊಂಡವಳಿಗೆ ತಿಳಿಯದು. ಕಳಪೆ ಮಾಲು ಬಂದರೆ ಸಾಲ ಅವಳ ತಲೆಗೆ, ಕಸ ಅವಳ ಊರಿನ ಕಡಲಿಗೆ. 2025ರ ಜನವರಿ ಆರಂಭದಲ್ಲಿ ಆ ಮಾರುಕಟ್ಟೆಯ ಬಹುಭಾಗ ಬೆಂಕಿಗೆ ಆಹುತಿಯಾದಾಗ ಬೀದಿಗೆ ಬಿದ್ದವರು ಈ ವ್ಯಾಪಾರಿಗಳೇ.

ಒಂದಿಡೀ ದೇಶ ಬೇಡ ಎಂದ ಪ್ರಸಂಗವೂ ಇದೆ. ತಮ್ಮ ಜವಳಿ ಉದ್ಯಮ ಬೆಳೆಯಬೇಕಾದರೆ ಹಳೆ ಬಟ್ಟೆಯ ಆಮದು ನಿಲ್ಲಬೇಕೆಂದು ಪೂರ್ವ ಆಫ್ರಿಕದ ದೇಶಗಳು 2016ರಲ್ಲಿ ತೀರ್ಮಾನಿಸಿದವು. ಅಮೆರಿಕ ಒತ್ತಡ ಹೇರಿತು. ಇತರ ದೇಶಗಳು ಹಿಂಜರಿದವು, ಪುಟ್ಟ ರುವಾಂಡ ಮಾತ್ರ ಹಿಂಜರಿಯಲಿಲ್ಲ. ಫಲವಾಗಿ 2018ರಲ್ಲಿ ಅಮೆರಿಕವು ರುವಾಂಡದ ಸಿದ್ಧ ಉಡುಪುಗಳಿಗಿದ್ದ ಸುಂಕ ವಿನಾಯಿತಿಯನ್ನು ತಡೆಹಿಡಿಯಿತು. ಉಳ್ಳವನು ತೊಟ್ಟು ಬಿಟ್ಟದ್ದನ್ನು ಬೇಡ ಎಂದದ್ದಕ್ಕೆ ತೆತ್ತ ಬೆಲೆಯಿದು.

ನಮ್ಮ ದೇಶ ಬಳಸಿದ ಬಟ್ಟೆಯ ಆಮದಿಗೆ ಕಡಿವಾಣ ಹಾಕಿದೆ. ಆದರೂ ಹೊರದೇಶಗಳ ಹಳೆ ಉಣ್ಣೆ ಬಟ್ಟೆ ಚೂರಾಗಿ ಹರ್ಯಾಣದ ಪಾಣಿಪತ್ ಸೇರುತ್ತದೆ. ಬಣ್ಣದ ಪ್ರಕಾರ ವಿಂಗಡಿಸಿ, ಗುಂಡಿ ಕಿತ್ತು, ಸೀಳಿ, ಮತ್ತೆ ನೂಲಾಗಿಸಿ ಅಲ್ಲಿ ಅಗ್ಗದ ಕಂಬಳಿ ನೇಯುತ್ತಾರೆ. ಈ ವಿದ್ಯೆ ಹುಟ್ಟಿದ್ದು 1813ರಲ್ಲಿ ಇಂಗ್ಲೆಂಡಿನ ಬ್ಯಾಟ್ಲಿಯಲ್ಲಿ, ಈಗ ಅದರ ದೊಡ್ಡ ಕೇಂದ್ರ ಪಾಣಿಪತ್. ಭೂಕಂಪ, ನೆರೆ ಬಂದಾಗ ಪರಿಹಾರ ಸಂಸ್ಥೆಗಳು ಹಂಚುವ ಕಂಬಳಿಗಳಲ್ಲಿ ಬಹಳಷ್ಟು ಅಲ್ಲಿನವೇ. ಲಂಡನ್ನಿನ ಯಾರದೋ ಕೋಟು ನಮ್ಮ ಯಾವುದೋ ಪರಿಹಾರ ಶಿಬಿರದಲ್ಲಿ ಮಲಗಿದ ಮಗುವಿನ ಮೈ ಮುಚ್ಚುವುದು ಅಸಂಭವವೇನಲ್ಲ.

ನಮ್ಮ ಮನೆಬಾಗಿಲಲ್ಲಿ

ಹಾಗಾದರೆ ನಮ್ಮಲ್ಲಿ ಇಂಥ ಅಂಗಡಿ ಏಕೆ ಬೇರೂರಲಿಲ್ಲ? ಹಳೆ ಬಟ್ಟೆಯನ್ನು ನಾವು ಎಸೆಯುತ್ತಿರಲಿಲ್ಲವೆಂಬುದು ಒಂದು ಕಾರಣ. ಅಣ್ಣನ ಅಂಗಿ ತಮ್ಮನಿಗೆ, ಅಜ್ಜಿಯ ಸೀರೆ ತೊಟ್ಟಿಲಿಗೆ, ಉಳಿದದ್ದು ಕೌದಿಗೆ, ಕೌದಿಯೂ ಹರಿದರೆ ನೆಲ ಒರೆಸಲಿಕ್ಕೆ. ಅದನ್ನೂ ಮೀರಿದ್ದನ್ನು ಕೊಂಡೊಯ್ಯಲು ತಲೆಯ ಮೇಲೆ ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತ ಹೆಂಗಸು ಬರುತ್ತಿದ್ದಳು. ನಾಲ್ಕು ಸೀರೆ, ಎರಡು ಪ್ಯಾಂಟಿಗೆ ಒಂದು ಡಬರಿ. ಇನ್ನೊಂದು ಪ್ಯಾಂಟು ಹಾಕಿ ಅಮ್ಮಾ ಎಂದು ಅವಳು, ಆಗುವುದಿಲ್ಲವೆಂದು ನಮ್ಮ ತಾಯಂದಿರು. ಆ ಚೌಕಾಸಿಯಲ್ಲಿ ಯಾರೂ ಯಾರಿಗೂ ದಾನಿಯಾಗಿರಲಿಲ್ಲ.

ಇನ್ನೊಂದು ಕಾರಣ ಅಷ್ಟು ಹಿತವಾದುದಲ್ಲ. ನಮ್ಮಲ್ಲಿ ಹಳೆ ಬಟ್ಟೆ ಬರೀ ಬಟ್ಟೆಯಾಗಿರಲಿಲ್ಲ, ಜಾತಿಯ ಗುರುತೂ ಆಗಿತ್ತು. ಸೇವೆ ಮಾಡುವ ಶೂದ್ರನಿಗೆ ಉಳಿದ ಊಟವನ್ನೂ ಹಳೆಯ ಬಟ್ಟೆಯನ್ನೂ ಕೊಡಬೇಕೆಂದು ಮನುಸ್ಮೃತಿಯ ಹತ್ತನೇ ಅಧ್ಯಾಯ ವಿಧಿಸಿತ್ತು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಅಂಬೇಡ್ಕರ್ ಮತ್ತು ಸಂಗಾತಿಗಳು ಆ ಗ್ರಂಥವನ್ನು ಸುಟ್ಟದ್ದು ಸುಮ್ಮನೆ ಅಲ್ಲ. ಒಡೆಯನ ಹಳೆ ಅಂಗಿ ತೊಡುವುದೆಂದರೆ ಒಡೆತನವನ್ನು ಮೈಮೇಲೆ ಹೊರುವುದು. ದೂರದೇಶದಲ್ಲಿ ಕೋಟು ಕೊಂಡ ಹುಡುಗನ ನಾಲಗೆ ತಡವರಿಸುವುದರ ಹಿಂದೆ ಇಷ್ಟೆಲ್ಲ ಇದೆ.

ನಮ್ಮ ಸಮುದಾಯವೂ ಬೆನ್ನು ತಟ್ಟಿಕೊಳ್ಳುವಂತಿಲ್ಲ. ರಂಝಾನ್ ತಿಂಗಳಲ್ಲಿ ದೊಡ್ಡ ಮನೆಗಳ ಗೇಟಿನ ಮುಂದೆ ಬಿಸಿಲಲ್ಲಿ ಸಾಲು ನಿಂತ ಹೆಂಗಸರನ್ನು ನಾವೆಲ್ಲ ನೋಡಿದ್ದೇವೆ. ಗುಟ್ಟಾಗಿ ಕೊಡುವ ದಾನ ಮೇಲೆಂದು ಕಲಿತ ನಾವೇ ಊರಿಗೆಲ್ಲ ಕಾಣುವಂತೆ ಕೊಡುತ್ತೇವೆ. ಯಾವ ಬಣ್ಣದ ಸೀರೆ ನಿನಗಿಷ್ಟ ಎಂದು ಆ ಸಾಲಿನಲ್ಲಿ ಯಾರೂ ಕೇಳುವುದಿಲ್ಲ.

ಬೇರೆ ದಾರಿಗಳನ್ನು ಹುಡುಕಿದವರಿದ್ದಾರೆ. 1999ರಲ್ಲಿ ದೆಹಲಿಯಲ್ಲಿ ಅಂಶು ಗುಪ್ತ ಆರಂಭಿಸಿದ ಗೂಂಜ್ ಸಂಸ್ಥೆ ಹಳ್ಳಿಯ ಜನ ತಾವೇ ತೀರ್ಮಾನಿಸಿದ ಕೆಲಸಕ್ಕೆ, ಬಾವಿ ತೋಡುವುದಕ್ಕೋ ಬಿದಿರಿನ ಸೇತುವೆ ಕಟ್ಟುವುದಕ್ಕೋ, ಪ್ರತಿಫಲವಾಗಿ ಬಟ್ಟೆ ಕೊಡುವ ಕ್ರಮ ತಂದಿತು. 2015ರಲ್ಲಿ ಗುಪ್ತ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಾವು ಆರಂಭದಲ್ಲಿ ಹೇಳಿದ ಸುನಾಮಿಯ ರಾಶಿಗಳಿಂದ ಲಾರಿಗಟ್ಟಲೆ ಬಟ್ಟೆ ಎತ್ತಿ, ವಿಂಗಡಿಸಿ ಬಳಕೆಗೆ ತಂದವರಲ್ಲಿ ಇವರೂ ಇದ್ದರು. ಅದೇ 2015ರ ಚಳಿಗಾಲದಲ್ಲಿ ಇರಾನಿನ ಮಶ್‌ಹದ್ ನಗರದಲ್ಲಿ ಯಾರೋ ಒಂದು ಗೋಡೆಗೆ ಗೂಟಗಳನ್ನು ಬಡಿದು, ಬೇಡವಾದದ್ದನ್ನು ತೂಗುಹಾಕಿ, ಬೇಕಾದದ್ದನ್ನು ಒಯ್ಯಿರಿ ಎಂದು ಬರೆದಿಟ್ಟರು. ಈ ಕರುಣೆಯ ಗೋಡೆ ಮುಂದೆ ನಮ್ಮ ದೇಶದ ಊರುಗಳಿಗೂ ಬಂತು. ಅಲ್ಲಿ ಬೆಲೆಯಿಲ್ಲ. ಕೊಡುವವನೂ ಎದುರಿಗಿಲ್ಲ. ಕತ್ತಲಾದ ಮೇಲೆ ಬಂದು ಬೇಕಾದದ್ದನ್ನು ಆರಿಸಿಕೊಂಡು ಹೋಗಬಹುದು.

ಬೋಸ್ಟನ್ನಿನ ಬೆಲೆಚೀಟಿ, ಪಾತ್ರೆಯವಳ ಚೌಕಾಸಿ, ಗೂಂಜ್‌ನ ದುಡಿಮೆ, ಮಶ್‌ಹದಿನ ಗೂಟ ಇವೆಲ್ಲ ಬೇರೆ ಬೇರೆ ದಾರಿಗಳು. ಆದರೆ ಪಡೆಯುವವನ ತಲೆ ತಗ್ಗದಂತೆ ನೋಡಿಕೊಳ್ಳುವುದರಲ್ಲಿ ನಾಲ್ಕೂ ಒಂದೇ. ಬೆಲೆ ಅದಕ್ಕೊಂದು ಉಪಾಯ ಮಾತ್ರ. ಮುಖ್ಯವಾದದ್ದು ಆರಿಸಿಕೊಳ್ಳುವ ಅವಕಾಶ.

ನಮ್ಮ ರಾಜ್ಯದಲ್ಲಿ ನೆರೆ ಬಾರದ ಮಳೆಗಾಲ ಈಗ ಅಪರೂಪ. ಮುಂದಿನ ಬಾರಿ ಬಟ್ಟೆ ಕೇಳಿಕೊಂಡು ಹುಡುಗರು ಬಾಗಿಲಿಗೆ ಬಂದಾಗ ಮೂಟೆ ಕಟ್ಟು ಎಂದು ಅವಸರ ಮಾಡಬೇಕಾಗಿಲ್ಲ. ಒಗೆದು, ಗುಂಡಿ ಹಾಕಿ, ಇಸ್ತ್ರಿ ಮಾಡಿ, ಅಳತೆ ಬರೆದಿಡೋಣ. ಶಿಬಿರದಲ್ಲಿ ಲಾರಿಯ ಮೇಲಿಂದ ಎಸೆಯುವ ಬದಲು ಶಾಲೆಯ ಒಂದು ಕೋಣೆಯಲ್ಲಿ ಹಗ್ಗ ಕಟ್ಟಿ ತೂಗುಹಾಕೋಣ. ಸಾಧ್ಯವಾದರೆ ಒಂದು ಕನ್ನಡಿಯನ್ನೂ ಇಡೋಣ. ಮನೆ ಕಳಕೊಂಡ ಹೆಣ್ಣುಮಗಳೊಬ್ಬಳು ಅಲ್ಲಿಗೆ ಬಂದು ನಾವು ಕೊಟ್ಟ ಸೀರೆಯನ್ನು ತಿರುಗಿಸಿ ನೋಡಿ, ಇದು ಬೇಡ ಎಂದರೆ ಬೇಸರ ಪಟ್ಟುಕೊಳ್ಳದಿರೋಣ. ಪಕ್ಕದ ಸೀರೆಯನ್ನು ತೆಗೆದು ತೋರಿಸೋಣ.